ನಿಮ್ಮ ಪ್ರಶ್ನೆ, ನಮ್ಮ ಉತ್ತರ: ನೆಗೆಟಿವ್ ಹಿಂದಿನ ಬೆಳಕು

ಪ್ರಶ್ನೆ: ಸರ್, ನಮ್ಮ ಅಪ್ಪಯ್ಯ ಶಿರಸಿಯಲ್ಲಿ ಸ್ಟುಡಿಯೋ ನಡೆಸುತ್ತಿದ್ದರು. ಮಾರಿಕಾಂಬಾ ಜಾತ್ರೆ, ಮದುವೆ, ಯಕ್ಷಗಾನ ಅಂತ ಕಪಾಟು ತುಂಬ ಕಲರ್ ನೆಗೆಟಿವ್ ಇದೆ. ಎಲ್‌ಇಡಿ ಲೈಟ್ ಪ್ಯಾಡ್ ಮೇಲೆ ಇಟ್ಟು ಮ್ಯಾಕ್ರೋ ಲೆನ್ಸಿನಲ್ಲಿ ಸ್ಕ್ಯಾನ್ ಮಾಡುತ್ತಿದ್ದೇನೆ. ಶಾರ್ಪ್ ಆಗಿ ಬರುತ್ತದೆ, ಆದರೆ ಬಣ್ಣ ಸರಿಹೋಗುತ್ತಿಲ್ಲ. ತೇರಿನ ಕೆಂಪು ಬಾವುಟ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಸರಿ ಮಾಡಿದರೆ ಜನರ ಮುಖ ಹಸಿರಾಗುತ್ತದೆ. ಹೊಸ ಕ್ಯಾಮೆರಾ ತೆಗೆದುಕೊಳ್ಳಬೇಕಾ?
— ಶಿರಸಿಯ ಓದುಗರು

ಉತ್ತರ: ಕ್ಯಾಮೆರಾ ಬೇಡ. ತೊಂದರೆ ಇರುವುದು ಲೈಟ್ ಪ್ಯಾಡಿನಲ್ಲಿ.

ಕಲರ್ ನೆಗೆಟಿವ್ ನಮ್ಮ ಕಣ್ಣಿಗಾಗಿ ಮಾಡಿದ್ದಲ್ಲ, ಪ್ರಿಂಟ್ ಪೇಪರಿಗಾಗಿ ಮಾಡಿದ್ದು. ಅದರಲ್ಲಿ ಮೂರು ಬಣ್ಣದ ಪದರಗಳಿವೆ. ಸಯಾನ್ ಪದರ ಕೆಂಪು ಬೆಳಕನ್ನು ತಡೆಯುತ್ತದೆ, ಮಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಪೇಪರ್ ಈ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತಿತ್ತು. ನಿಮ್ಮ ಪ್ಯಾಡಿನ ಬಿಳಿ ಎಲ್‌ಇಡಿ ನಿಜಕ್ಕೂ ನೀಲಿ ಎಲ್‌ಇಡಿ, ಅದರ ಮೇಲೆ ನೀಲಿ ಬೆಳಕು ಬಿದ್ದರೆ ತಾನೂ ಹೊಳೆಯುವ ಹಳದಿ ಫಾಸ್ಫರ್ ಪುಡಿ ಬಳಿದಿರುತ್ತಾರೆ ಅಷ್ಟೆ. ಬೆಳಕಿನ ಬಣ್ಣವನ್ನು ಅದರ ಅಲೆಯ ಉದ್ದದಿಂದ, ನ್ಯಾನೋಮೀಟರಿನಲ್ಲಿ ಹೇಳುತ್ತಾರೆ; 450 ನ್ಯಾನೋಮೀಟರ್ ಹತ್ತಿರ ನೀಲಿ ಜೋರಾಗಿರುತ್ತದೆ, ಆಮೇಲೆ 550ರಿಂದ 600ರ ನಡುವೆ ಅಗಲವಾದ ಹಸಿರು-ಹಳದಿ ಬೆಳಕು, ಗಾಢ ಕೆಂಪು ಮಾತ್ರ ತೀರಾ ಕಡಿಮೆ. ಕ್ಯಾಮೆರಾದ ಕೆಂಪು ಫಿಲ್ಟರ್, ಹಸಿರು ಫಿಲ್ಟರ್ ಒಂದರ ಮೇಲೊಂದು ಬೀಳುವುದೂ ಸುಮಾರು ಅದೇ ಜಾಗದಲ್ಲಿ. ಹಾಗಾಗಿ ಸಯಾನ್ ಪದರದ ಸುದ್ದಿ ಮಾತ್ರ ಹೇಳಬೇಕಾದ ಕೆಂಪು ಚಾನೆಲ್‌ಗೆ (ಫೋಟೋದಲ್ಲಿ ಕೆಂಪು ಬೆಳಕನ್ನು ದಾಖಲಿಸುವ ಭಾಗಕ್ಕೆ) ಮಜೆಂಟಾ ಪದರದ ಸುದ್ದಿಯೂ ಸೇರಿಕೊಳ್ಳುತ್ತದೆ. ಬಾವುಟ ಸರಿ ಮಾಡಿದರೆ ಮುಖ ಕೆಡುವುದು ಇದರಿಂದಲೇ.

ಸಿಆರ್‌ಐ ಜಾಸ್ತಿ ಇರುವ ಪ್ಯಾಡ್ ತಂದರೂ ನೆಗೆಟಿವ್‌ಗೆ ಇದು ಪೂರ್ತಿ ಹೋಗುವುದಿಲ್ಲ. ಆ ಬೆಳಕಿನಲ್ಲಿ ವಸ್ತುಗಳ ಬಣ್ಣ ಕಣ್ಣಿಗೆ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವುದನ್ನಷ್ಟೇ ಸಿಆರ್‌ಐ ಹೇಳುತ್ತದೆ.

ನಿಮಗೆ ಬೇಕಾದದ್ದು ಕೆಂಪು, ಹಸಿರು, ನೀಲಿ ಮೂರೇ ಬಣ್ಣದ ಎಲ್‌ಇಡಿ, ಮೂರಕ್ಕೂ ಬೇರೆ ಬೇರೆ ಕಂಟ್ರೋಲ್. ನೀಲಿ 450ರ ಹತ್ತಿರ, ಹಸಿರು 530ರ ಹತ್ತಿರ ಇರಲಿ. ಕೆಂಪಿನ ವಿಷಯದಲ್ಲಿ ಹುಷಾರು. ಅಲಂಕಾರಕ್ಕೆ ಹಾಕುವ ಬಣ್ಣದ ಸ್ಟ್ರಿಪ್‌ಗಳಲ್ಲಿ ಕೆಂಪು ಸಾಮಾನ್ಯವಾಗಿ 620-630 ಇರುತ್ತದೆ, ಅದು ಹಸಿರಿಗೆ ಹತ್ತಿರವಾಯಿತು. 660ರದ್ದು ಹುಡುಕಿ. ಮನೆಯೊಳಗೆ ಗಿಡ ಬೆಳೆಸುವ ಲೈಟಿಗೆ ಹಾಕುವುದು ಅದನ್ನೇ, ಆದ್ದರಿಂದ ಸುಲಭವಾಗಿ ಸಿಗುತ್ತದೆ. ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ತಡೆಯುವ ಗಾಜು 660ನ್ನೂ ಸ್ವಲ್ಪ ತಿನ್ನುತ್ತದೆ, ಹಾಗಾಗಿ ಕೆಂಪು ಎಲ್‌ಇಡಿ ಒಂದೆರಡು ಹೆಚ್ಚೇ ಇರಲಿ. ಇದೇನೂ ಹೊಸ ವಿದ್ಯೆಯಲ್ಲ, ನಿಕಾನ್ ಕೂಲ್‌ಸ್ಕ್ಯಾನ್‌ನಂಥ ಹಳೆಯ ಫಿಲ್ಮ್ ಸ್ಕ್ಯಾನರ್‌ಗಳೂ ಬಿಳಿ ದೀಪ ಬಿಟ್ಟು ಬಣ್ಣದ ಎಲ್‌ಇಡಿಗಳಿಂದಲೇ ಕೆಲಸ ಮಾಡುತ್ತಿದ್ದವು.

ಈಗ ಪೆಟ್ಟಿಗೆ. ಎಲ್‌ಇಡಿಯನ್ನು ನೇರವಾಗಿ ಫಿಲ್ಮಿನ ಕೆಳಗೆ ಇಡಬೇಡಿ, ಒಂದು ಮೂಲೆ ಕೆಂಪಾಗಿ ಇನ್ನೊಂದು ಮೂಲೆ ನೀಲಿಯಾಗಿ ಬರುತ್ತದೆ. ಚಿಕ್ಕ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಒಳಗೆಲ್ಲ ಹೊಳಪಿಲ್ಲದ ಬಿಳಿ ಪೇಂಟ್ ಹೊಡೆಯಿರಿ, ಎಲ್‌ಇಡಿಗಳ ಮುಖ ಗೋಡೆಯ ಕಡೆಗೆ ತಿರುಗಿಸಿ. ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಮೂರೂ ಬಣ್ಣ ಬೆರೆತ ಮೇಲೆ ಮೇಲಿನ ಕಿಂಡಿಯಿಂದ ಹೊರಗೆ ಬರಬೇಕು. ಕಿಂಡಿ ನೆಗೆಟಿವ್‌ಗಿಂತ ದೊಡ್ಡದಿರಲಿ, ಅದರ ಮೇಲೆ ಹಾಲುಬಣ್ಣದ ಆಕ್ರಿಲಿಕ್ ಕೂರಿಸಿ. ಫಿಲ್ಮನ್ನು ಆಕ್ರಿಲಿಕ್‌ಗೆ ತಾಗಿಸಲೇಬೇಡಿ. ಒಂದೆರಡು ಸೆಂಟಿಮೀಟರ್ ಎತ್ತರದಲ್ಲಿಟ್ಟರೆ ಆಕ್ರಿಲಿಕ್ ಮೇಲಿನ ಧೂಳು ಫೋಕಸ್ಸಿಗೆ ಬರುವುದಿಲ್ಲ. ಫಿಲ್ಮಿನ ಸುತ್ತ ಕಪ್ಪು ಕಾಗದದ ಚೌಕಟ್ಟು ಹಾಕಿ, ಕೋಣೆಯ ದೀಪ ಆರಿಸಿ. ಪಕ್ಕದಿಂದ ನುಗ್ಗುವ ಬೆಳಕು ಲೆನ್ಸಿಗೆ ಬಿದ್ದರೆ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ.

ಬೆಳಕು ಸಮನಾಗಿದೆಯಾ ಅಂತ ಕಣ್ಣಿನಿಂದ ಗೊತ್ತಾಗುವುದಿಲ್ಲ. ಫಿಲ್ಮ್ ತೆಗೆದು ಬರೀ ಬೆಳಕಿನ ಫೋಟೋ ತೆಗೆಯಿರಿ, ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಜೋರಾಗಿ ಏರಿಸಿ. ಮೂಲೆ ಕಪ್ಪಾಗಿದ್ದರೆ ಕಾಣುತ್ತದೆ. ಉಳಿದ ಸ್ವಲ್ಪ ವ್ಯತ್ಯಾಸವನ್ನು ಅದೇ ಖಾಲಿ ಫೋಟೋ ಬಳಸಿ ಸಾಫ್ಟ್‌ವೇರಿನಲ್ಲಿ ತೆಗೆಯಬಹುದು.

ಫಿಲ್ಮಿನ ಕಿತ್ತಳೆ ಬಣ್ಣ ನೀಲಿಯನ್ನು ಜಾಸ್ತಿ ತಡೆಯುತ್ತದೆ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಳೆದರೆ ನೀಲಿ ಚಾನೆಲ್ ತುಂಬ ಮರಳು ಮರಳಾಗುತ್ತದೆ. ಬೆಳಕಿನಲ್ಲೇ ನೀಲಿ ಏರಿಸಿ. ಚಿತ್ರವಿಲ್ಲದ ಫಿಲ್ಮಿನ ಅಂಚು ಹೆಚ್ಚು ಕಡಿಮೆ ಬೂದು ಬಣ್ಣ ಕಾಣುವವರೆಗೆ ಮೂರೂ ಬಣ್ಣ ಹೊಂದಿಸಿ, ಆಮೇಲೆ ಆ ರೋಲ್ ಮುಗಿಯುವ ತನಕ ಕೈ ಹಾಕಬೇಡಿ. ಜೆಪೆಗ್ ಬೇಡ, ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲಿನಲ್ಲೇ ತೆಗೆಯಿರಿ.

ಒಂದೊಂದೇ ಬಣ್ಣ ಹಚ್ಚಿ ಮೂರು ಸಲ ಫೋಟೋ ತೆಗೆದು, ಪ್ರತಿಯೊಂದರಿಂದ ಅದರದ್ದೇ ಚಾನೆಲ್ ಎತ್ತಿಕೊಂಡು ಜೋಡಿಸಿದರೆ ಎಲ್ಲಕ್ಕಿಂತ ಶುದ್ಧ ಬಣ್ಣ ಸಿಗುತ್ತದೆ. ಆದರೆ ಫಿಲ್ಮ್ ಕೂದಲೆಳೆಯಷ್ಟೂ ಅಲುಗಬಾರದು. ಮದುವೆ ಆಲ್ಬಮ್ಮುಗಳಿಗೆ ಮೂರೂ ಒಟ್ಟಿಗೆ ಹಚ್ಚಿದರೆ ಧಾರಾಳ ಸಾಕು. ಯಕ್ಷಗಾನದ ವೇಷಗಳಿಗೆ ಮಾತ್ರ ದಯವಿಟ್ಟು ಮೂರು ಸಲ ತೆಗೆಯಿರಿ. ಕೆಂಪು, ಹಸಿರು, ಬಂಗಾರ ಮೂರೂ ಒತ್ತೊತ್ತಾಗಿರುವ ಕಡೆ ವ್ಯತ್ಯಾಸ ಎದ್ದು ಕಾಣುತ್ತದೆ. ಶಿರಸಿಯ ಸ್ಟುಡಿಯೋ ಅಂದಮೇಲೆ 1983ರಲ್ಲಿ ಸಾಲ್ಕಣಿ ಕಡೆ ಶುರುವಾದ ಅಪ್ಪಿಕೋ ಚಳವಳಿಯ ನೆಗೆಟಿವ್ ಕೂಡ ಇರಬಹುದು, ಕಪಾಟಿನಲ್ಲಿ ಹುಡುಕಿ. ಸಿಕ್ಕರೆ ಮೊದಲು ಅದನ್ನೇ ಸ್ಕ್ಯಾನ್ ಮಾಡಿ.

ಎಲ್‌ಇಡಿ ಬಿಸಿಯಾದರೆ ಬೆಳಕು ಇಳಿಯುತ್ತದೆ, ಅದರಲ್ಲೂ ಕೆಂಪು ಬೇಗ ಇಳಿಯುತ್ತದೆ. ಅಲ್ಯೂಮಿನಿಯಂ ಹೀಟ್ ಸಿಂಕ್ ಹಾಕಿ, ದೀಪ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡಿ.

ಪ್ರಶ್ನೆ: ಕಾಳಿ ನದಿಯ ಹಳೆ ಸೇತುವೆ ಕಟ್ಟುವಾಗಿನ ಕಪ್ಪು-ಬಿಳುಪು ನೆಗೆಟಿವ್‌ಗಳು ನಮ್ಮ ಮನೆಯಲ್ಲಿವೆ. ಹಳೆ ಎನ್‌ಲಾರ್ಜರ್‌ನ (ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಮಾಡುವ ಯಂತ್ರ) ಕಂಡೆನ್ಸರ್ ಗಾಜಿನ ಕೆಳಗೆ ಎಲ್‌ಇಡಿ ಇಟ್ಟು ಸ್ಕ್ಯಾನ್ ಮಾಡಿದೆ. ಗೀರುಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತವೆ, ಜೊತೆಗೆ ಅಡ್ಡಡ್ಡ ಪಟ್ಟೆ. ಕೆಲವಕ್ಕೆ ಬೂಸ್ಟು ಹಿಡಿದಿದೆ, ತೊಳೆಯಬಹುದಾ?
— ಕಾರವಾರದ ಓದುಗರು

ಉತ್ತರ: ತೊಳೆಯಬೇಡಿ! ಮೊದಲು ಇದನ್ನು ಹೇಳಿಬಿಡುತ್ತೇನೆ. ಬೂಸ್ಟು ತಿಂದ ಕಡೆ ಜೆಲಾಟಿನ್ ನೀರಿನಲ್ಲಿ ಕರಗುವ ಹಾಗೆ ಆಗಿರುತ್ತದೆ, ನೀರು ಮುಟ್ಟಿಸಿದರೆ ಚಿತ್ರವೇ ಎದ್ದು ಹೋಗಬಹುದು. ನೀರಿಲ್ಲದ ಫಿಲ್ಮ್ ಕ್ಲೀನರ್ ಹಾಕಿ ಮೆಲ್ಲಗೆ ಒರೆಸಿ, ಆಮೇಲೆ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ನಿಮ್ಮ ಕಡಲ ತೀರದ ಮಳೆಗಾಲಕ್ಕೆ ಕಪಾಟು ಸಾಲುವುದಿಲ್ಲ. ಆ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದು ಬಿತ್ತು, ಅದು ಕಟ್ಟಿದ್ದಕ್ಕೆ ಈ ನೆಗೆಟಿವ್‌ಗಳು ಸಾಕ್ಷಿ. ಜೋಪಾನ.

ಗೀರುಗಳಿಗೆ ಕಾರಣ ಕಂಡೆನ್ಸರ್. ಅದು ಬೆಳಕನ್ನು ಒಂದೇ ದಿಕ್ಕಿಗೆ ನೇರವಾಗಿ ಕಳಿಸುತ್ತದೆ. ಗೀರು ಇದ್ದಲ್ಲಿ ಬೆಳಕು ಚದುರಿ ಲೆನ್ಸಿಗೆ ತಲುಪುವುದಿಲ್ಲ, ನೆಗೆಟಿವ್‌ನಲ್ಲಿ ಕಪ್ಪು ಗೆರೆ, ಪಾಸಿಟಿವ್ ಮಾಡಿದಾಗ ಬಿಳಿ ಗೆರೆ. ಕಪ್ಪು-ಬಿಳುಪು ಫಿಲ್ಮಿನ ಬೆಳ್ಳಿಯ ಕಣಗಳೂ ಹೀಗೇ ಬೆಳಕು ಚದುರಿಸುತ್ತವೆ, ಅದರಿಂದ ಕಾಂಟ್ರಾಸ್ಟ್ ಏರಿ ಆಕಾಶ ಸುಟ್ಟಹಾಗೆ ಬರುತ್ತದೆ. ಇದಕ್ಕೆ ಕ್ಯಾಲಿಯರ್ ಪರಿಣಾಮ ಅನ್ನುತ್ತಾರೆ. ಕಂಡೆನ್ಸರ್ ತೆಗೆದಿಟ್ಟು, ಮೇಲೆ ಹೇಳಿದ ಬಿಳಿ ಪೆಟ್ಟಿಗೆ ಮಾಡಿ. ಸಣ್ಣ ಗೀರುಗಳು ತುಂಬ ಕಡಿಮೆಯಾಗುತ್ತವೆ. ಬೂಸ್ಟು ತಿಂದ ಗುರುತು ಹೋಗುವುದಿಲ್ಲ. ಸ್ಕ್ಯಾನರ್‌ಗಳ ಇನ್‌ಫ್ರಾರೆಡ್ ಧೂಳು ತೆಗೆಯುವ ಸೌಲಭ್ಯವೂ ನಿಮಗೆ ಉಪಯೋಗವಿಲ್ಲ, ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುವುದರಿಂದ ಅದು ಚಿತ್ರವನ್ನೇ ಧೂಳು ಅಂದುಕೊಳ್ಳುತ್ತದೆ.

ಪಟ್ಟೆ ಬರುವುದು ಹೆಚ್ಚಾಗಿ ಡಿಮ್ಮರ್‌ನಿಂದ. ಅಗ್ಗದ ಡಿಮ್ಮರ್ ಬೆಳಕನ್ನು ಕಡಿಮೆ ಮಾಡುವುದಿಲ್ಲ, ತುಂಬ ಬೇಗ ಬೇಗ ಹಚ್ಚಿ ಆರಿಸುತ್ತದೆ ಅಷ್ಟೆ. ಎಲೆಕ್ಟ್ರಾನಿಕ್ ಶಟರ್ ಸಾಲು ಸಾಲಾಗಿ ಓದುವಾಗ ಅದೇ ಪಟ್ಟೆಯಾಗಿ ಬೀಳುತ್ತದೆ. ಎಲ್‌ಇಡಿಗೆ ಕರೆಂಟನ್ನು ಕಡಿಯದೆ ಒಂದೇ ಸಮ ಕೊಡುವ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಹಾಕಿಸಿ. ಅಲ್ಲಿಯವರೆಗೆ ಡಿಮ್ಮರ್ ಪೂರ್ತಿ ಏರಿಸಿ, ಐಎಸ್‌ಒ ಇಳಿಸಿ, ಶಟರ್ ಅರ್ಧ ಸೆಕೆಂಡಿನಷ್ಟು ನಿಧಾನ ಇಡಿ.

ಪ್ರಶ್ನೆ: ಸ್ಲೈಡುಗಳಿಗೂ ಮೂರು ಬಣ್ಣದ ಬೆಳಕೇ ಒಳ್ಳೆಯದಾ?
— ಕುಮಟಾದ ಓದುಗರು

ಉತ್ತರ: ಅಲ್ಲ. ಸ್ಲೈಡ್ ಮಾಡಿದ್ದೇ ಪ್ರೊಜೆಕ್ಟರ್ ಬೆಳಕಿನಲ್ಲಿ ಕಣ್ಣಿನಿಂದ ನೋಡಲಿಕ್ಕೆ. ಅದಕ್ಕೆ ಸಿಆರ್‌ಐ 95ಕ್ಕಿಂತ ಮೇಲಿರುವ ಬಿಳಿ ಎಲ್‌ಇಡಿ ಬೇಕು, ಮೂರು ಬಣ್ಣದ ಬೆಳಕಿನಲ್ಲಿ ಬಣ್ಣಗಳು ಅತಿಯಾಗಿ ಕಣ್ಣಿಗೆ ಹೊಡೆಯುತ್ತವೆ. ಎರಡೂ ಥರದ ಫಿಲ್ಮ್ ಇದ್ದರೆ ಒಂದೇ ಪೆಟ್ಟಿಗೆಯಲ್ಲಿ ಬಿಳಿ ಎಲ್‌ಇಡಿಯ ಸಾಲನ್ನೂ ಕೂರಿಸಿ, ಅದಕ್ಕೆ ಬೇರೆ ಸ್ವಿಚ್ ಕೊಡಿ.