ನೆಗಡಿಗೆ ಆಂಟಿಬಯಾಟಿಕ್ ಯಾಕೆ ಬೇಡ?

ಪ್ರಶ್ನೆ: ನೆಗಡಿ, ಮೈಕೈ ನೋವು ಅಂತ ಡಾಕ್ಟರ ಹತ್ತಿರ ಹೋದೆ. ಆಂಟಿಬಯಾಟಿಕ್ ಕೇಳಿದರೆ ‘ಇದು ವೈರಸ್, ಅದು ಬೇಡ’ ಎಂದರು. ಬ್ಯಾಕ್ಟೀರಿಯಾ, ವೈರಸ್ ಎರಡೂ ರೋಗಾಣುಗಳೇ ಅಲ್ವಾ? ಒಂದನ್ನು ಕೊಲ್ಲುವ ಔಷಧಿ ಇನ್ನೊಂದನ್ನು ಯಾಕೆ ಕೊಲ್ಲುವುದಿಲ್ಲ?

ಉತ್ತರ: ಎರಡೂ ಕಣ್ಣಿಗೆ ಕಾಣುವುದಿಲ್ಲ, ಎರಡೂ ಕಾಯಿಲೆ ತರಬಲ್ಲವು. ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು.

ಬ್ಯಾಕ್ಟೀರಿಯಾ ಒಂದೇ ಜೀವಕೋಶದ ಪೂರ್ತಿ ಜೀವಿ. ತಾನೇ ಆಹಾರ ಪಡೆಯುತ್ತದೆ, ಬೆಳೆಯುತ್ತದೆ, ಎರಡಾಗಿ ಒಡೆಯುತ್ತದೆ. ನಮ್ಮ ಕರುಳಿನಲ್ಲಿರುವ ಇ. ಕೊಲಿಗೆ ಆಹಾರ, ಶಾಖ ಎಲ್ಲ ಚೆನ್ನಾಗಿ ಸಿಕ್ಕಿದರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಅದಕ್ಕೆ ತನ್ನದೇ ಗೋಡೆ ಇದೆ, ಪ್ರೋಟೀನ್ ತಯಾರಿಸುವ ರೈಬೋಸೋಮ್ ಇದೆ, ಮತ್ತು ಆಂಟಿಬಯಾಟಿಕ್‌ಗಳು ಹೊಡೆಯುವುದು ಹೆಚ್ಚಾಗಿ ಇಂಥ ಕಡೆಯೇ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನ್ಸಿಲಿನ್ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತದೆ. ಗೋಡೆ ಸಡಿಲವಾಗಿ, ಒಳಗೆ ನೀರು ನುಗ್ಗಿ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲ, ಅದಕ್ಕೇ ಅವು ಉಳಿಯುತ್ತವೆ. ಅಜಿತ್ರೋಮೈಸಿನ್‌ನಂಥವು ಬ್ಯಾಕ್ಟೀರಿಯಾದ ರೈಬೋಸೋಮ್ ಕೆಲಸ ನಿಲ್ಲಿಸುತ್ತವೆ. ನಮ್ಮ ರೈಬೋಸೋಮ್‌ನ ರಚನೆ ಬೇರೆ.

ಈಗ ವೈರಸ್ ನೋಡಿ. ಅದಕ್ಕೆ ಆ ಗೋಡೆ ಇಲ್ಲ, ರೈಬೋಸೋಮ್ ಇಲ್ಲ, ಆಹಾರವೂ ಬೇಕಿಲ್ಲ. ಡಿಎನ್‌ಎ ಇಲ್ಲವೇ ಆರ್‌ಎನ್‌ಎ, ಅದರ ಸುತ್ತ ಪ್ರೋಟೀನಿನ ಹೊದಿಕೆ, ಕೆಲವಕ್ಕೆ ಮೇಲೊಂದು ಕೊಬ್ಬಿನ ಪದರ, ಅಷ್ಟೇ. ನೆಗಡಿ ತರುವ ರೈನೋವೈರಸ್ ಸುಮಾರು 30 ನ್ಯಾನೋಮೀಟರ್. ಒಂದು ಇ. ಕೊಲಿಯ ಉದ್ದಕ್ಕೆ ಇಂಥವನ್ನು ಸಾಲಾಗಿ ಜೋಡಿಸಿದರೆ ಅರವತ್ತಕ್ಕಿಂತ ಜಾಸ್ತಿ ಹಿಡಿಸುತ್ತವೆ. ಅದು ಮೂಗು, ಗಂಟಲಿನ ಜೀವಕೋಶದೊಳಗೆ ಸೇರಿಕೊಂಡು, ನಮ್ಮದೇ ರೈಬೋಸೋಮ್‌ಗಳಿಂದ ತನ್ನ ಪ್ರೋಟೀನ್ ಮಾಡಿಸಿಕೊಂಡು, ತನ್ನಂಥವೇ ಇನ್ನಷ್ಟನ್ನು ಹುಟ್ಟಿಸುತ್ತದೆ. ಪೆನ್ಸಿಲಿನ್ ಬಂದರೂ ಕೆಡಿಸಲು ಅಲ್ಲಿ ಗೋಡೆ ಎಲ್ಲಿದೆ?

ವೈರಸ್‌ಗೆ ಔಷಧಿಯೇ ಇಲ್ಲ ಎಂದಲ್ಲ. ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್ ಆ ವೈರಸ್ ತನ್ನ ಡಿಎನ್‌ಎ ನಕಲು ಮಾಡುವುದನ್ನು ತಡೆಯುತ್ತದೆ. ಆದರೆ ಅದು ನೆಗಡಿಗೆ ಬರುವುದಿಲ್ಲ. ಒಂದೊಂದು ಗುಂಪಿನ ವೈರಸ್‌ಗೂ ಬೇರೆಬೇರೆ ಔಷಧಿಯೇ ಹುಡುಕಬೇಕು.

ದಯವಿಟ್ಟು ‘ಇರಲಿ, ಸುಮ್ನೆ ಒಂದು ಕೋರ್ಸ್’ ಎಂದು ತೆಗೆದುಕೊಳ್ಳಬೇಡಿ. ನೆಗಡಿ ವೈರಸ್‌ಗೆ ಏನೂ ಆಗುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಔಷಧಿಗೆ ಜಗ್ಗದವು ಉಳಿದು ಹೆಚ್ಚುತ್ತವೆ. ಮುಂದೆ ನಿಜವಾಗಿ ಆಂಟಿಬಯಾಟಿಕ್ ಬೇಕಾದಾಗ ಅದು ಕೆಲಸ ಮಾಡದೇ ಹೋಗಬಹುದು. ನೆಗಡಿಯ ಹಿಂದೆಯೇ ಕಿವಿಗೋ ಶ್ವಾಸಕೋಶಕ್ಕೋ ಬ್ಯಾಕ್ಟೀರಿಯಾ ಸೋಂಕು ತಗುಲುವುದೂ ಉಂಟು, ಆಗ ಡಾಕ್ಟರೇ ಬರೆದುಕೊಡುತ್ತಾರೆ. ಕಡಿಮೆಯಾಗುತ್ತಿದ್ದ ಜ್ವರ ಮತ್ತೆ ಏರಿದರೆ, ಉಸಿರಾಟ ಕಷ್ಟವಾದರೆ ತಡಮಾಡದೆ ತೋರಿಸಿ.

ಪ್ರಶ್ನೆ: ಬ್ಯಾಕ್ಟೀರಿಯಾಕ್ಕೂ ವೈರಸ್ ತಗುಲುತ್ತದೆಯೇ?

ಉತ್ತರ: ತಗುಲುತ್ತದೆ! ಅಂಥ ವೈರಸ್‌ಗಳಿಗೆ ಬ್ಯಾಕ್ಟೀರಿಯೋಫೇಜ್ ಎಂದು 1917ರಲ್ಲಿ ಹೆಸರಿಟ್ಟವರು ಫೆಲಿಕ್ಸ್ ಡಿ’ಹೆರೆಲ್. ಟಿ4 ಎನ್ನುವ ಫೇಜ್ ಇ. ಕೊಲಿಯ ಮೇಲೆ ಕಾಲೂರಿ ನಿಂತು ತನ್ನ ಡಿಎನ್‌ಎಯನ್ನು ಒಳಗೆ ತಳ್ಳುತ್ತದೆ, ಸುಮಾರು ಅರ್ಧ ಗಂಟೆಯಲ್ಲಿ ಬ್ಯಾಕ್ಟೀರಿಯಾ ಒಡೆದು ಹೊಸ ಫೇಜ್‌ಗಳು ಹೊರಬರುತ್ತವೆ. ಬ್ಯಾಕ್ಟೀರಿಯಾಗಳೂ ಸುಮ್ಮನಿರುವುದಿಲ್ಲ. ಎಷ್ಟೋ ಬ್ಯಾಕ್ಟೀರಿಯಾಗಳು ದಾಳಿ ಮಾಡಿದ ವೈರಸ್‌ನ ಡಿಎನ್‌ಎ ತುಂಡನ್ನು ತಮ್ಮ ಡಿಎನ್‌ಎಯಲ್ಲೇ ಸೇರಿಸಿಟ್ಟುಕೊಂಡು, ಅದೇ ವೈರಸ್ ಮತ್ತೆ ಬಂದರೆ ಗುರುತು ಹಿಡಿದು ಕತ್ತರಿಸಿಹಾಕುತ್ತವೆ. ಇಂದು ಜೀನ್ ತಿದ್ದಲು ವಿಜ್ಞಾನಿಗಳು ಬಳಸುವ ಕ್ರಿಸ್ಪರ್ ಬಂದಿದ್ದು ಇಲ್ಲಿಂದಲೇ.