ಮೀಡಿಯೇಟರ್ ಎಂದರೆ ತಕ್ಕರಲ್ಲ

ನೀವು ಬರೆದದ್ದರ ಸಾರ ಇಷ್ಟು. ಒಂದು ಕಿವಿ ಪೂರ್ತಿ ಕೇಳುವುದಿಲ್ಲ, ಇನ್ನೊಂದು ಅರ್ಧಂಬರ್ಧ. ಅಮೆರಿಕದಲ್ಲಿ ಸುಮಾರು 150 ಜನರ ಕಂಪನಿಯಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ನೌಕರಿ. ಮೀಟಿಂಗ್‌ಗೆ ಕ್ಯಾಪ್ಷನ್, ಅಂದರೆ ಆಡಿದ ಮಾತು ತೆರೆಯ ಮೇಲೆ ಅಕ್ಷರವಾಗಿ ಬರುವಂತೆ, ಹಾಕಿಸಿ ಎಂದು ಕೇಳಿದಿರಿ, ಹಾಕಿಸಲಿಲ್ಲ. ಬದಲಿಗೆ ‘ಹೇಳಿದ್ದು ಅರ್ಥ ಮಾಡಿಕೊಳ್ಳುವುದಿಲ್ಲ’ ಎಂದು ಪಿಐಪಿಗೆ (ಕೆಲಸ ಸುಧಾರಿಸಿಕೊಳ್ಳಿ ಎಂದು ಗಡುವು ಕೊಡುವ ಕ್ರಮ) ಹಾಕಿ, ಎರಡೇ ತಿಂಗಳಲ್ಲಿ ತೆಗೆದರು. ಕೆಲಸದಲ್ಲಿನ ತಾರತಮ್ಯ ನೋಡುವ ಅಮೆರಿಕ ಸರ್ಕಾರದ ಆಯೋಗ ಇಇಓಸಿಗೆ ಚಾರ್ಜ್, ಅಂದರೆ ದೂರು, ಕೊಟ್ಟು, ಕೆಲಸ ಹೋದ ಮೇಲೆ ಅಲ್ಲಿರಲು ವೀಸಾ ಕೊಡುವ 60 ದಿನದ ಗಡುವು ಮುಗಿಯುವಷ್ಟರಲ್ಲಿ ಕೊಡಗಿನ ಗೋಣಿಕೊಪ್ಪಕ್ಕೆ ವಾಪಸಾದಿರಿ. ಈಗ ಮೀಡಿಯೇಶನ್‌ಗೆ, ಅಂದರೆ ಮಧ್ಯಸ್ಥರ ಮುಂದೆ ಕಂಪನಿ ಜೊತೆ ರಾಜಿ ಮಾತುಕತೆಗೆ, ಬರುತ್ತೀರಾ ಎಂಬ ಪತ್ರ ಕೈಯಲ್ಲಿದೆ. ಒಪ್ಪಬೇಕೇ, ಏನೇನು ತಯಾರಿ, ಹೊರದೇಶದ ಬದುಕೆಂದರೆ ಹೀಗೇನಾ ಎಂದು ಕೇಳಿದ್ದೀರಿ.

ಕೊನೆಯ ಪ್ರಶ್ನೆ ಮೊದಲು. ಅಲ್ಲಿ ಬಾಯಿಮಾತಿಗೆ ಬೆಲೆ ಕಮ್ಮಿ, ಇಮೇಲ್‌ಗೆ ಜಾಸ್ತಿ. ಇದೊಂದು ಗೊತ್ತಿದ್ದರೆ ಅರ್ಧ ಬದುಕು ಸಲೀಸು.

ಮೀಡಿಯೇಶನ್‌ಗೆ ಒಪ್ಪಿ. ದುಡ್ಡು ಕಟ್ಟಬೇಕಿಲ್ಲ, ಬಲವಂತವೂ ಇಲ್ಲ. ಮಾತು ಮುರಿದರೆ ಫೈಲು ತನಿಖಾಧಿಕಾರಿ ಮೇಜಿಗೆ ಹೋಗುತ್ತದೆ, ಒಳಗೆ ಆಡಿದ ಮಾತು ಹೋಗುವುದಿಲ್ಲ. ಸಾಮಾನ್ಯವಾಗಿ 3-4 ಗಂಟೆಯ ಒಂದು ಕೂಟ. ಮೀಡಿಯೇಶನ್ ದಾರಿಯಲ್ಲಿ ಸರಾಸರಿ ಮೂರು ತಿಂಗಳೊಳಗೆ ಮುಗಿಯುತ್ತದೆ, ತನಿಖೆಗೆ 10 ತಿಂಗಳು, ಅದಕ್ಕೂ ಮೇಲೆ.

ಆದರೆ ಒಂದು ತಪ್ಪು ತಿಳಿವಳಿಕೆ ಬಿಡಬೇಕು. ನಮ್ಮಲ್ಲಿ ತೋಟದ ಬೇಲಿ ತಕರಾರಾದರೆ ಊರ ಮುಖ್ಯಸ್ಥರಾದ ತಕ್ಕರು ಎರಡೂ ಕಡೆ ಕೇಳಿ, ಇಂಥವರದು ತಪ್ಪು ಎಂದು ಹೇಳಿಬಿಡುತ್ತಾರೆ. ಮೀಡಿಯೇಟರ್ ಹಾಗೆ ಹೇಳುವುದಿಲ್ಲ, ಹೇಳುವ ಅಧಿಕಾರವೇ ಇಲ್ಲ. ಅವರ ಮುಂದೆ ಎಷ್ಟು ಅತ್ತುಕೊಂಡರೂ ತೀರ್ಪು ಬರುವುದಿಲ್ಲ. ನೀವು ಒಪ್ಪಿಸಬೇಕಾದದ್ದು ಕಂಪನಿ ಕಡೆಯಿಂದ ಕೂತಿರುವ, ಸಹಿ ಹಾಕುವ ಅಧಿಕಾರವಿರುವ ವ್ಯಕ್ತಿಯನ್ನು. ಅಂಥವರು ಬರುತ್ತಾರೋ ಇಲ್ಲವೋ ಎಂದು ಮೀಡಿಯೇಟರ್ ಹತ್ತಿರ ಮೊದಲೇ ಕೇಳಿ. ‘ಮೇಲಿನವರನ್ನು ಕೇಳಿ ಹೇಳುತ್ತೇವೆ’ ಎನ್ನುವವರ ಜೊತೆ ನಾಲ್ಕು ಗಂಟೆ ಕೂತರೆ ಆ ನಾಲ್ಕು ಗಂಟೆ ದಂಡ.

ಕಾಗದದ ವಿಷಯ. ಮಡಿಕೇರಿ ಜಿಲ್ಲಾ ಆಸ್ಪತ್ರೆಯ ಸರ್ಟಿಫಿಕೇಟು, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು, ಶೇ. 40 ಅಂಗವೈಕಲ್ಯದ ಲೆಕ್ಕ ಎಲ್ಲ ನಮ್ಮ ದೇಶದ್ದು. ಅಂಗವಿಕಲರ ಹಕ್ಕಿನ ಅಮೆರಿಕದ 1990ರ ಎಡಿಎ ಕಾಯ್ದೆಯಲ್ಲಿ ಶೇಕಡಾವಾರು ಇಲ್ಲ. ಕೇಳುವುದು, ನಡೆಯುವುದು, ಓದುವುದು ಇಂಥ ದಿನನಿತ್ಯದ ಕೆಲಸಕ್ಕೆ ಗಣನೀಯ ಅಡ್ಡಿ ಇದೆಯೇ ಎಂಬುದಷ್ಟೇ ಪ್ರಶ್ನೆ. 2008ರ ತಿದ್ದುಪಡಿ ಅದನ್ನು ಇನ್ನೂ ಸಡಿಲ ಮಾಡಿದೆ. ಆದ್ದರಿಂದ ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ವರದಿ) ಒಂದು, ‘ಗುಂಪಿನಲ್ಲಿ ಮಾತು ಹಿಡಿಯಲು ಇವರಿಗೆ ಕ್ಯಾಪ್ಷನ್ ಬೇಕು’ ಎಂಬ ಡಾಕ್ಟರ ನಾಲ್ಕು ಸಾಲು, ಅಷ್ಟು ಸಾಕು. ಇಡೀ ವೈದ್ಯಕೀಯ ಚರಿತ್ರೆ ಬಿಚ್ಚಿಡಬೇಡಿ.

ಅದಕ್ಕಿಂತ ಮುಖ್ಯ ಒಂದು ಹಾಳೆಯ ತಾರೀಕು ಪಟ್ಟಿ. ಹೀಗಿರಲಿ: ‘ಮಾರ್ಚ್ 4, ಎಚ್‌ಆರ್‌ಗೆ ಇಮೇಲ್, ಕ್ಯಾಪ್ಷನ್ ಕೇಳಿದ್ದು. ಮಾರ್ಚ್ 19, ಉತ್ತರವಿಲ್ಲ, ಎರಡನೇ ಇಮೇಲ್. ಏಪ್ರಿಲ್ 2, ಬಜೆಟ್ ಇಲ್ಲ ಎಂದು ಮ್ಯಾನೇಜರ್ ಚಾಟ್. ಏಪ್ರಿಲ್ 21, ಪಿಐಪಿ.’ ಅವಮಾನ, ಅನ್ಯಾಯ ಎಂಬ ಪದ ಒಂದೂ ಬೇಡ. ಯಾಕೆಂದರೆ, ಅನುಕೂಲ ಮಾಡಿಕೊಡಲು ಕಂಪನಿ ನಿಮ್ಮ ಜೊತೆ ಕೂತು ಪ್ರಾಮಾಣಿಕವಾಗಿ ಪ್ರಯತ್ನಿಸಿತ್ತು ಎಂದಾದರೆ, ಅನುಕೂಲ ಕೊಡದ ದೂರಿಗೆ ಮಾನಸಿಕ ಯಾತನೆಯ ಪರಿಹಾರವೂ ದಂಡದ ಹಣವೂ ಸಿಗುವುದಿಲ್ಲ. ಉತ್ತರ ಬಾರದ ಆ 15 ದಿನಗಳೇ ನಿಮ್ಮ ಬಂಡವಾಳ. ಟೀಮ್ಸ್, ಜೂಮ್ ಎರಡರಲ್ಲೂ ಕ್ಯಾಪ್ಷನ್ ಒಳಗೇ ಇದೆ, ಒಂದು ಗುಂಡಿ ಒತ್ತಿದರೆ ಬರುತ್ತದೆ. ‘ಖರ್ಚು ಭರಿಸಲಾಗದು’ ಎಂಬ ವಾದ ಅಲ್ಲಿ ನಿಲ್ಲುವುದು ಕಷ್ಟ.

ಕಂಪನಿಯ ಫೈಲುಗಳನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಂಡಿದ್ದರೆ ವಕೀಲರಿಗೆ ತೋರಿಸದೆ ಹೊರಗೆ ತೆಗೆಯಬೇಡಿ. ‘ಇದು ಗೊತ್ತಿದ್ದರೆ ಅಂದೇ ಕೆಲಸದಿಂದ ತೆಗೆಯುತ್ತಿದ್ದೆವು’ ಎಂದು ಅದನ್ನೇ ತಿರುಗಿಸುತ್ತಾರೆ, ಬಾಕಿ ಸಂಬಳಕ್ಕೆ, ಅಂದರೆ ತೆಗೆದ ದಿನದಿಂದ ತಪ್ಪಿದ ಸಂಬಳಕ್ಕೆ, ಕತ್ತರಿ ಬೀಳುತ್ತದೆ.

ಇನ್ನು ಮೊತ್ತ. ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಉಳಿಯುವ ಕಾಳು, ಎಷ್ಟು ಬರುತ್ತದೆಂದು ತಾನೇ ನೋಡಿಕೊಳ್ಳದೆ 50 ಕೆಜಿ ಕಾಫಿ ಚೆರಿ ಮೂಟೆ ಹೊತ್ತುಕೊಂಡು ವ್ಯಾಪಾರಿ ಹತ್ತಿರ ಹೋದವನಿಗೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಸಂಬಳ ತಿಂಗಳಿಗೆ 8,000 ಡಾಲರ್ ಎಂದಿಟ್ಟುಕೊಳ್ಳಿ. ತೆಗೆದ ಮೇಲೆ ಅಲ್ಲೇ ಕೆಲಸ ಹುಡುಕಿದ ಎರಡು ತಿಂಗಳಿಗೆ 16,000. ಇದು ಗಟ್ಟಿ ಕಾಳು, ಎಲ್ಲೆಲ್ಲಿ ಅರ್ಜಿ ಹಾಕಿದಿರಿ ಎಂಬ ಪಟ್ಟಿ ಜೊತೆಗಿದ್ದರೆ. ಊರಿಗೆ ಬಂದ ಮೇಲಿನ ಐದು ತಿಂಗಳ 40,000ದಲ್ಲಿ ಜಗ್ಗಾಟವಿದೆ. ಅಮೆರಿಕದಲ್ಲಿ ದುಡಿಯುವ ಅನುಮತಿಯೇ ಇರಲಿಲ್ಲವಲ್ಲ ಎಂದು ಅವರು, ಅನುಮತಿ ಹೋದದ್ದೇ ನೀವು ತೆಗೆದದ್ದರಿಂದ ಎಂದು ನೀವು. ಇಲ್ಲಿ ಏನಾದರೂ ಸಂಪಾದಿಸಿದ್ದರೆ ನೀವೇ ಕಳೆದು ತೋರಿಸಿ, ಅವರು ಕಂಡುಹಿಡಿಯುವಂತೆ ಬಿಡಬೇಡಿ. ಎಚ್-1ಬಿಯವರನ್ನು ಅವಧಿಗೆ ಮುಂಚೆ ತೆಗೆದರೆ ಊರಿಗೆ ಮರಳುವ ಖರ್ಚು ಕಂಪನಿ ಕೊಡಬೇಕು. ಕೊಟ್ಟಿಲ್ಲವಾದರೆ ಟಿಕೆಟ್ ದುಡ್ಡು ಸೇರಿಸಿ. ಯಾತನೆ ಮತ್ತು ದಂಡ ಎರಡೂ ಸೇರಿ, 101ರಿಂದ 200 ಜನರ ಕಂಪನಿಗೆ ಕಾನೂನಿನ ಮಿತಿ 1,00,000 ಡಾಲರ್. ಬಾಕಿ ಸಂಬಳ ಇದರ ಹೊರಗೆ. ಆದರೆ ಅದು ಮಿತಿ, ರೇಟಲ್ಲ. ಒಂದು ಲಕ್ಷದಿಂದಲೇ ಶುರು ಮಾಡಿದರೆ ಎದುರಿನವರು ಲ್ಯಾಪ್‌ಟಾಪ್ ಮುಚ್ಚುತ್ತಾರೆ.

ಮೂರು ಅಂಕಿ ಬರೆದಿಟ್ಟುಕೊಳ್ಳಿ: ಕೇಳುವುದು, ನಿಜಕ್ಕೂ ಬೇಕಾದದ್ದು, ಇದಕ್ಕಿಂತ ಕೆಳಗೆ ಬೇಡ ಎನ್ನುವುದು. ಮೂರನೆಯದನ್ನು ಮೀಡಿಯೇಟರ್‌ಗೂ ಹೇಳಬೇಡಿ. ದುಡ್ಡಲ್ಲದ ಕೋರಿಕೆಗಳು ಕೆಲವೊಮ್ಮೆ ಹೆಚ್ಚು ಬಾಳುತ್ತವೆ. ದಾಖಲೆಯಲ್ಲಿ ‘ವಜಾ’ ಬದಲು ‘ರಾಜೀನಾಮೆ’, ಯಾರಾದರೂ ವಿಚಾರಿಸಿದರೆ ಹುದ್ದೆ ಮತ್ತು ತಾರೀಕು ಮಾತ್ರ ಹೇಳುವ ಕರಾರು. ವಾಪಸ್ ಕೆಲಸ ಕೊಡುತ್ತೇವೆ ಎಂದರೆ ಹಿಗ್ಗುವ ಮೊದಲು, ವೀಸಾ ಪಿಟಿಶನ್ ಯಾವ ದಿನದೊಳಗೆ ಹಾಕುತ್ತಾರೆ, ಅದು ಸಿಗದಿದ್ದರೆ ಏನು ಕೊಡುತ್ತಾರೆ ಎಂದು ಬರೆಸಿಕೊಳ್ಳಿ.

ಕೂಟ ವಿಡಿಯೊದಲ್ಲಿ. ಅದಕ್ಕೂ ಕ್ಯಾಪ್ಷನ್ ಬೇಕೆಂದು ಈಗಲೇ ಬರೆದು ಕೇಳಿ. ನ್ಯೂಯಾರ್ಕ್ ಬೆಳಿಗ್ಗೆ 10 ಎಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 7.30, ಚಳಿಗಾಲದಲ್ಲಿ 8.30. ಮಳೆಗಾಲದ ಗೋಣಿಕೊಪ್ಪದಲ್ಲಿ ಆ ಹೊತ್ತಿಗೆ ಕರೆಂಟು ಇದ್ದರೆ ಅದೃಷ್ಟ. ರೌಟರ್‌ಗೆ ಯುಪಿಎಸ್, ಬೇರೆ ಕಂಪನಿಯ ಎರಡು ಸಿಮ್, ಮೀಡಿಯೇಟರ್ ಫೋನ್ ನಂಬರು ಕಾಗದದ ಮೇಲೆ. ರೆಕಾರ್ಡ್ ಮಾಡುವಂತಿಲ್ಲ. ಗುಟ್ಟು ಕಾಯುವ ಕರಾರಿಗೆ ಸಹಿ ಮಾಡದ ಅಪ್ಪ, ಮಾವ ಯಾರೂ ಪಕ್ಕದಲ್ಲಿ ಕೂರಬಾರದು, ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಸುದ್ದಿ ಹೋಗಬಾರದು. ಮಧ್ಯೆ ನಿಮ್ಮನ್ನು ಬೇರೆ ‘ಕೋಣೆ’ಗೆ ಹಾಕಿ ಮುಕ್ಕಾಲು ಗಂಟೆ ಯಾರೂ ಬರದಿರಬಹುದು. ಗಾಬರಿಯಿಂದ ಅಂಕಿ ಇಳಿಸಬೇಡಿ, ಆಗ ಅವರ ಲೆಕ್ಕಾಚಾರ ನಡೆಯುತ್ತಿರುತ್ತದೆ.

ರಾತ್ರಿ 11.30ಕ್ಕೆ ಒಪ್ಪಂದದ ಕರಡು ಬರುತ್ತದೆ, ಕಣ್ಣು ಎಳೆಯುತ್ತಿರುತ್ತದೆ. ಸಹಿ ಹಾಕಬೇಡಿ, ಓದಲು ಎರಡು ದಿನ ಕೇಳಿ. ಅದರಲ್ಲಿನ ರಿಲೀಸ್ (ಹಕ್ಕು ಬಿಟ್ಟುಕೊಡುವ ಸಾಲು) ಈ ಚಾರ್ಜ್‌ಗೆ ಮಾತ್ರವೋ, ನಿಮ್ಮ ಎಲ್ಲ ಹಕ್ಕಿಗೋ ನೋಡಿ. ಎಷ್ಟು ದಿನದಲ್ಲಿ ಹಣ, ಯಾವ ದೇಶದ ಖಾತೆಗೆ ಎಂಬುದಿರಲಿ. ಗೌಪ್ಯತೆಯ ಸಾಲಿನಲ್ಲಿ ಹೆಂಡತಿ, ವಕೀಲರು, ಆಡಿಟರ್‌ಗೆ ವಿನಾಯಿತಿ ಇರಲಿ. ಬಾಕಿ ಸಂಬಳ ಡಬ್ಲ್ಯೂ-2 ಎಂಬ ಸಂಬಳದ ತೆರಿಗೆ ಫಾರ್ಮ್ ಮೇಲೆ ತೆರಿಗೆ ಕಳೆದು ಬರುತ್ತದೆ, ಯಾತನೆಯ ಹಣ ಬೇರೆ ಫಾರ್ಮ್ ಮೇಲೆ. ದೈಹಿಕ ಗಾಯ ಇಲ್ಲದ ಕಾರಣ ಅದಕ್ಕೂ ತೆರಿಗೆಯುಂಟು. ಇಲ್ಲಿಯ ಆಡಿಟರ್‌ಗೂ ತೋರಿಸಿ.

ರಾಜಿ ಆಗದಿದ್ದರೆ ಮುಂದೊಂದು ದಿನ ‘ರೈಟ್ ಟು ಸ್ಯೂ’, ಅಂದರೆ ನೀವು ದಾವೆ ಹೂಡಬಹುದು ಎಂಬ, ನೋಟಿಸ್ ಬರುತ್ತದೆ. ಅಲ್ಲಿಂದ ಕೋರ್ಟಿಗೆ ಹೋಗಲು 90 ದಿನ ಮಾತ್ರ. ಅದು ಪೋಸ್ಟಿನವರ ಕೈಯಲ್ಲಿ ಗೋಣಿಕೊಪ್ಪಕ್ಕೆ ಬರುತ್ತದೆಂದು ಕಾಯಬೇಡಿ, ಇಇಓಸಿ ಪೋರ್ಟಲ್‌ನಲ್ಲಿ ಬೀಳುತ್ತದೆ. ವಾರಕ್ಕೊಮ್ಮೆ ಲಾಗಿನ್ ಆಗಿ, ಸ್ಪ್ಯಾಮ್ ಫೋಲ್ಡರನ್ನೂ ನೋಡಿ.