ದೋಟಿ ಕೆಲಸ, ಕುತ್ತಿಗೆ ನೋವು, ನಡೆಯುವಾಗ ಓಲಾಟ

ತಲೆ ಎತ್ತಿ ದೋಟಿಯಲ್ಲಿ (ಉದ್ದನೆಯ ಕೊಯ್ಲು ಕೋಲು) ಅಡಿಕೆ ಕೊಯ್ದ ದಿನವೇ ನಡೆಯುವಾಗ ಓಲಾಟ ಜಾಸ್ತಿ ಅಂದಿರಿ, ಕಾರಣ ನಿಮ್ಮ ಹಳೆಯ ಕುತ್ತಿಗೆ ನೋವೇ ಇರಬಹುದು. ತಲೆ ಯಾವ ಕಡೆಗಿದೆ ಎಂದು ಕುತ್ತಿಗೆಯ ಸ್ನಾಯುಗಳೂ ಮೆದುಳಿಗೆ ತಿಳಿಸುತ್ತವೆ. ಅವು ಬಿಗಿದರೆ ಕಣ್ಣು, ಕಿವಿ ಹೇಳುವುದಕ್ಕೆ ತಾಳೆಯಾಗುವುದಿಲ್ಲ, ಅದಕ್ಕೇ ಓಲಾಟ.

ಆದರೂ ಮೊದಲು ಡಾಕ್ಟರಿಗೆ ತೋರಿಸಿ. ಹಾಸಿಗೆಯಲ್ಲಿ ಮಗ್ಗುಲಾದಾಗ ಅರೆ ನಿಮಿಷ ಗಿರ್ರನೆ ತಲೆ ಸುತ್ತಿದರೆ ಅದು ಹೆಚ್ಚಾಗಿ ಒಳಗಿವಿಯದ್ದು. ಅಂಗಿ ಗುಂಡಿ ಹಾಕಲು ಬೆರಳು ತಡವರಿಸಿದರೆ, ಕಾಲು ಬಿಗಿದರೆ ನರರೋಗ ತಜ್ಞರನ್ನು ಕಾಣಿ, ತಡ ಬೇಡ. ಮಾತು ತೊದಲಿದರೆ ಆಗಲೇ ಆಸ್ಪತ್ರೆ.

ಇದ್ಯಾವುದೂ ಅಲ್ಲದಿದ್ದರೆ ಫಿಸಿಯೋಥೆರಪಿ. ಸುಮ್ನೆ ಕುತ್ತಿಗೆ ಲಟಕ್ ಅನಿಸುವವರ ಹತ್ತಿರ ಹೋಗಬೇಡಿ. ನನಗೆ ಹೇಳಿಕೊಟ್ಟದ್ದು ಹೀಗೆ: ರಬ್ಬರ್ ಟ್ಯಾಪಿಂಗಿನ ಹೆಡ್‌ಲೈಟ್ ತಲೆಗೆ ಕಟ್ಟಿ, ಗೋಡೆಯಿಂದ 90 ಸೆಂ.ಮೀ. ದೂರ ಕೂತು, ಬೆಳಕು ಬಿದ್ದಲ್ಲಿ ಗುರುತು ಹಾಕಿ. ಕಣ್ಣು ಮುಚ್ಚಿ ತಲೆ ನಿಧಾನ ತಿರುಗಿಸಿ, ನೇರಕ್ಕೆ ತನ್ನಿ. ಕಣ್ಣು ಬಿಟ್ಟು ನೋಡಿ, ಬೆಳಕು ಗುರುತಿಗೇ ಬಂತಾ? ಹಾಗೆ ಸರಿಯಾಗಿ ಬರುವವರೆಗೆ ದೋಟಿ ಬೇರೆಯವರ ಕೈಗಿರಲಿ.